ಹನ್ನೊಂದನೇ ನಿಮಿಷದಲ್ಲಿ ಆ ಹೆಂಗಸು ಹೇಳಿದ್ದು

ದೇಶ ದೇಶ ಸುತ್ತಿ ಕನ್ನಡದಲ್ಲಿ ವೀಡಿಯೊ ಮಾಡುತ್ತಿರುವ ಎಲ್ಲ ಗೆಳೆಯರಿಗೆ,

ವಿಷಯ: ಆಸ್ಟ್ರೇಲಿಯಾದ ಉತ್ತರಕ್ಕಿರುವ ಪಪುವಾ ನ್ಯೂಗಿನಿ ದೇಶದ ಬೆಟ್ಟದ ಹಳ್ಳಿಗಳನ್ನು ನೀವು ತೋರಿಸುತ್ತಿರುವ ರೀತಿಯ ಕುರಿತು.

ಮಾನ್ಯರೇ,

ನಮಸ್ಕಾರ. ಮೊದಲೇ ಹೇಳಿಬಿಡುತ್ತೇನೆ, ನಾನು ನಿಮ್ಮ ವೀಡಿಯೊಗಳನ್ನು ಇಷ್ಟಪಟ್ಟು ನೋಡುವವನು. ನಮ್ಮಮ್ಮನಿಗೆ ಎಪ್ಪತ್ತಾರು ವರ್ಷ. ಕೊಪ್ಪ ಬಿಟ್ಟರೆ ಧರ್ಮಸ್ಥಳ, ತಿರುಪತಿ, ಅಷ್ಟೇ ಅವಳು ಕಂಡ ಲೋಕ. ಈಗ ರಾತ್ರಿ ಊಟ ಮುಗಿಸಿ ಕಾಲು ಚಾಚಿ ಕೂತು ಮಂಗೋಲಿಯಾ ನೋಡುತ್ತಾಳೆ, ಐಸ್‌ಲ್ಯಾಂಡ್ ನೋಡುತ್ತಾಳೆ. ಅದೂ ಕನ್ನಡದಲ್ಲಿ. ಇದು ನಿಮ್ಮಿಂದ ಆದ ಉಪಕಾರ. ಹಾಗಾಗಿ ಈ ಪತ್ರವನ್ನು ಜಗಳ ಅಂದುಕೊಳ್ಳಬೇಡಿ. ದೂರು ಅಂದುಕೊಂಡರೆ ಅಡ್ಡಿಯಿಲ್ಲ.

ಕಳೆದ ತಿಂಗಳು ನನ್ನ ತಮ್ಮನ ಮಗ ಮನೆಯವರ ವಾಟ್ಸಾಪ್ ಗುಂಪಿಗೆ ಒಂದು ವೀಡಿಯೊ ಹಾಕಿದ. ‘ಮನುಷ್ಯರನ್ನೇ ತಿನ್ನೋ ಊರಲ್ಲಿ ಒಂದು ರಾತ್ರಿ’ ಅಂತ ಅದರ ತಲೆಬರಹ. ಕೆಳಗೆ, "ದೊಡ್ಡಪ್ಪ, ನೀವಿದ್ದಿದ್ದು ಇಲ್ಲೇ ಅಲ್ವಾ?" ಅಂತ ಅವನ ಪ್ರಶ್ನೆ. ಹೌದು, ನಾನಿದ್ದಿದ್ದು ಅಲ್ಲೇ. ಅದೇ ಊರಲ್ಲದಿದ್ದರೂ ಅದೇ ಬೆಟ್ಟಸಾಲು. 2012ರಿಂದ ನಾಲ್ಕು ವರ್ಷ ಅಲ್ಲಿನ ಸಿಂಬು ಪ್ರಾಂತ್ಯದ ಒಂದು ಶಾಲೆಯಲ್ಲಿ ಗಣಿತ ಹೇಳಿಕೊಟ್ಟಿದ್ದೇನೆ.

ವೀಡಿಯೊದ ಹನ್ನೊಂದನೇ ನಿಮಿಷಕ್ಕೆ ಒಬ್ಬ ಹೆಂಗಸು ಬರುತ್ತಾಳೆ. ತಲೆಯಿಂದ ಬೆನ್ನಿಗೆ ಇಳಿಬಿಟ್ಟ ನೂಲಿನ ಚೀಲ, ಅದರೊಳಗೆ ಮಗು. ಆ ಚೀಲಕ್ಕೆ ಬಿಲುಮ್ ಅನ್ನುತ್ತಾರೆ. ಅವಳು ಕ್ಯಾಮೆರಾ ಹಿಡಿದವನ ಹತ್ತಿರ ಬಂದು, ಅವನ ಮುಖ ನೋಡಿಕೊಂಡು ಏನೋ ಹೇಳುತ್ತಾಳೆ. ಎರಡು ಸಲ ಹೇಳುತ್ತಾಳೆ. ಹಿನ್ನೆಲೆಯಲ್ಲಿ ಡೋಲು ಬಡಿಯುವ ಸದ್ದು ಸೇರಿಸಿದ್ದೀರಿ. "ನಮ್ಮ ಮೇಲೆ ಏನೋ ಮಂತ್ರ ಹಾಕ್ತಿದಾರೆ ಅನ್ಸುತ್ತೆ, ಭಯ ಆಗ್ತಿದೆ" ಅಂತ ಕೆಳಗೆ ಅಕ್ಷರದಲ್ಲಿ ವಿವರಣೆ ಬೇರೆ.

ನಾನು ಹಿಂದಕ್ಕೆ ಎಳೆದು ಮೂರು ಸಲ ಕೇಳಿದೆ. ಅವಳು ಆಡಿದ್ದು ಟೋಕ್ ಪಿಸಿನ್. 800ಕ್ಕೂ ಹೆಚ್ಚು ಭಾಷೆಗಳಿರುವ ಆ ದೇಶದಲ್ಲಿ ಎಲ್ಲರಿಗೂ ನಡುವೆ ಸೇತುವೆಯಾಗಿರುವ ಮಾತು ಅದು. "ಹೌಸ್ ಸಿಕ್ ಇ ಪಾಸ್. ಮರಾಸಿನ್ ಇ ನೊ ಗಾಟ್." ಹೌಸ್ ಸಿಕ್ ಅಂದರೆ ಆಸ್ಪತ್ರೆ. ಮರಾಸಿನ್ ಅಂದರೆ ಮೆಡಿಸಿನ್. ಆಸ್ಪತ್ರೆ ಮುಚ್ಚಿದೆ, ಔಷಧಿ ಇಲ್ಲ. ಅಷ್ಟೇ ಅವಳು ಹೇಳಿದ್ದು.

ಗೈಡ್ ಪಕ್ಕದಲ್ಲೇ ನಿಂತಿದ್ದ. ಒಂದು ಮಾತು ಕೇಳಿದ್ದರೆ ಸಾಕಿತ್ತು.

ಇದು ಒಬ್ಬರ ತಪ್ಪಾಗಿದ್ದರೆ ಸುಮ್ನೆ ಅವರಿಗೊಂದು ಮೆಸೇಜ್ ಹಾಕಿ ಮರೆಯುತ್ತಿದ್ದೆ. ಆಮೇಲೆ ಹುಡುಕಿದರೆ ಇಂಥವು ಬೇಕಾದಷ್ಟು ಸಿಕ್ಕವು. ಎಲ್ಲದರಲ್ಲೂ ಅದೇ ಮೂರು ಮಾತು: ಶಿಲಾಯುಗ, ನರಭಕ್ಷಕರು, ಹೊರಗಿನ ಜಗತ್ತೇ ಗೊತ್ತಿಲ್ಲದ ಜನ. ಆದ್ದರಿಂದ ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ನೀವು ಥಂಬ್‌ನೇಲ್‌ಗೆ ಹಾಕುವ, ಹಳದಿ ಬಣ್ಣ ಬಳಿದು ಕೂದಲಿನ ದೊಡ್ಡ ಟೋಪಿ ಇಟ್ಟ ಮುಖವನ್ನೇ ತಗೊಳ್ಳಿ. ಅವರು ಹೇಲಾ ಪ್ರಾಂತ್ಯದ ಹುಲಿ ಜನ. (ನಮ್ಮ ಹುಲಿಗೂ ಅದಕ್ಕೂ ಸಂಬಂಧ ಇಲ್ಲ.) 2023ರ ಮೇ ತಿಂಗಳಲ್ಲಿ ನಮ್ಮ ಪ್ರಧಾನಿ ಪೋರ್ಟ್ ಮೊರೆಸ್ಬಿಯಲ್ಲಿ ಇಳಿದಾಗ ಅಲ್ಲಿನ ಪ್ರಧಾನಿ ಬಗ್ಗಿ ಕಾಲಿಗೆ ನಮಸ್ಕರಿಸಿದ್ದು ನೆನಪಿದೆ ಅಲ್ವಾ? ಆ ವೀಡಿಯೊ ನಮ್ಮೂರಿನ ಹೋಟೆಲಿನಲ್ಲೂ ಓಡಿತ್ತು. ಆತ ಜೇಮ್ಸ್ ಮರಾಪೆ. ಅದೇ ಹುಲಿ ಜನರವರು, ಟಾರಿ ಕಡೆಯವರು. ‘ಹೊರಜಗತ್ತೇ ಗೊತ್ತಿಲ್ಲದ’ ಬೆಟ್ಟದಿಂದಲೇ ಬಂದು 2019ರಲ್ಲಿ ಪ್ರಧಾನಿಯಾದವರು.

ಆ ಬಣ್ಣವೂ ದಿನನಿತ್ಯದ್ದಲ್ಲ. ಹಬ್ಬಕ್ಕೆ, ಕೂಟಕ್ಕೆ, 1957ರಿಂದ ನಡೆಯುತ್ತಿರುವ ಗೊರೋಕಾ ಶೋನಂಥ ಮೇಳಕ್ಕೆ ಬಳಿದುಕೊಳ್ಳುವುದು. ಇಲ್ಲವೇ ನಿಮ್ಮಂಥವರು ದುಡ್ಡು ಕೊಟ್ಟಾಗ. ಚೌಕಿಯಲ್ಲಿ ಬಣ್ಣ ಹಚ್ಚಿ ಕೂತ ಯಕ್ಷಗಾನದ ವೇಷಧಾರಿಯನ್ನು ತೋರಿಸಿ ‘ಕರಾವಳಿ ಜನ ಇರೋದೇ ಹೀಗೆ’ ಅಂದರೆ ನಮಗೆ ಹೇಗಾಗುತ್ತದೆ? ಉಳಿದ ದಿನ ಆ ಮನುಷ್ಯ ಆಸ್ಟ್ರೇಲಿಯಾದಿಂದ ಬಂಡಲುಗಟ್ಟಲೆ ಬರುವ ಹಳೇ ಬಟ್ಟೆಯಲ್ಲಿ ಒಂದು ಪ್ಯಾಂಟು, ರಗ್ಬಿ ತಂಡದ ಒಂದು ಟೀ ಶರ್ಟು ಹಾಕಿಕೊಂಡು ಗೆಣಸಿನ ತೋಟದಲ್ಲಿರುತ್ತಾನೆ. ನಿಮ್ಮ ವೀಡಿಯೊವನ್ನು ಅವನ ಮಗ ಫೋನಿನಲ್ಲಿ ನೋಡುತ್ತಾನೆ. ಕನ್ನಡ ಬರುವುದಿಲ್ಲ, ನಿಜ. ಆದರೆ ನಿಮ್ಮ ನಗು ಅರ್ಥವಾಗುತ್ತದೆ.

ಶಿಲಾಯುಗದ ವಿಷಯಕ್ಕೆ ಬರೋಣ. ಮೌಂಟ್ ಹಾಗೆನ್ ಪಟ್ಟಣದ ಹತ್ತಿರ ಕೂಕ್ ಅಂತ ಒಂದು ಜೌಗು ಪ್ರದೇಶ ಇದೆ. ಏಳು ಸಾವಿರ ವರ್ಷಕ್ಕೂ ಹಿಂದೆ ಅಲ್ಲಿನವರು ಬೇಸಾಯ ಮಾಡಿದ ಗುರುತು ಸಿಕ್ಕಿದೆ. ಆಮೇಲಿನ ಕಾಲದಲ್ಲಿ ನೀರು ಬಸಿಯಲು ಕಾಲುವೆ ತೋಡಿ, ಬಾಳೆ, ಕೆಸು ಬೆಳೆದಿದ್ದಾರೆ. ಯುನೆಸ್ಕೊ 2008ರಲ್ಲಿ ಅದನ್ನು ವಿಶ್ವ ಪರಂಪರೆಯ ತಾಣ ಮಾಡಿತು. ಜಗತ್ತಿನಲ್ಲಿ ಬೇಸಾಯವನ್ನು ಯಾರಿಂದಲೂ ಕಲಿಯದೆ ತಾವೇ ಕಂಡುಕೊಂಡ ಕೆಲವೇ ಜನರಲ್ಲಿ ಇವರೂ ಸೇರಿದ್ದಾರೆ. ದಪ್ಪ ಜಲ್ಲೆಯ ಸಿಹಿ ಕಬ್ಬು ಮೊದಲು ಮನುಷ್ಯನ ಕೈಗೆ ಪಳಗಿದ್ದು ನ್ಯೂಗಿನಿಯಲ್ಲೇ. ಕೊಯಮತ್ತೂರಿನಲ್ಲಿ ತಳಿ ಕೂಡಿಸಿದ ಕಬ್ಬುಗಳಲ್ಲೂ ಆ ರಕ್ತ ಇದೆ. ಹಾಗಾಗಿ ಮಂಡ್ಯದ ಆಲೆಮನೆಯಲ್ಲಿ ಕಬ್ಬಿನ ಹಾಲು ಕುಡಿಯುವಾಗ ಒಂದು ಕ್ಷಣ ಅವರನ್ನು ನೆನೆದರೆ ನಷ್ಟವಿಲ್ಲ.

ನರಭಕ್ಷಕರು ಅನ್ನುವ ಮಾತಿನ ಹಿಂದೆ ಒಂದು ಕತೆ ಇದೆ. ಅದನ್ನಾದರೂ ಪೂರ್ತಿ ಹೇಳಿ. ಈಸ್ಟರ್ನ್ ಹೈಲ್ಯಾಂಡ್ಸ್ ಪ್ರಾಂತ್ಯದ ಫೋರೆ ಜನ ತಮ್ಮ ಮನೆಯಲ್ಲಿ ಸತ್ತವರ ದೇಹವನ್ನು ತಿನ್ನುತ್ತಿದ್ದರು. ಹಸಿವಿಗಲ್ಲ, ಸಿಟ್ಟಿಗಲ್ಲ. ಮಣ್ಣಿನಲ್ಲಿ ಹುಳ ತಿನ್ನುವುದಕ್ಕಿಂತ ಪ್ರೀತಿಸಿದವರ ಒಳಗೇ ಸೇರಲಿ ಎಂಬ ಅಳಲಿಗೆ. ಅದರಿಂದ ಕುರು ಎಂಬ ಮಿದುಳಿನ ರೋಗ ಹಬ್ಬಿ ಸಾವಿರಕ್ಕೂ ಹೆಚ್ಚು ಜನ ಸತ್ತರು. ಹೆಚ್ಚಿನವರು ಹೆಂಗಸರು, ಮಕ್ಕಳು. 1960ರ ಹೊತ್ತಿಗೆ ಆ ಪದ್ಧತಿ ನಿಂತಿತು. ಆ ಜನ ತಮ್ಮ ಸತ್ತವರನ್ನು ಪರೀಕ್ಷೆಗೆ ಕೊಟ್ಟಿದ್ದರಿಂದಲೇ ವೈದ್ಯಲೋಕಕ್ಕೆ ಹೊಸದೊಂದು ಬಗೆಯ ರೋಗ ಅರ್ಥವಾಗುತ್ತಾ ಬಂತು, 1976ರಲ್ಲಿ ಒಬ್ಬ ವಿಜ್ಞಾನಿಗೆ ನೊಬೆಲ್ ಸಿಕ್ಕಿತು. ನಿಂತು ಅರವತ್ತು ವರ್ಷ ದಾಟಿದೆ. ‘ಇವತ್ತು ರಾತ್ರಿ ನಮ್ಮನ್ನೇ ತಿಂದ್ರೆ ಏನ್ ಗತಿ’ ಅಂತ ಟೆಂಟಿನೊಳಗೆ ಪಿಸುಗುಡುವುದು ತಮಾಷೆಗೂ ಚೆನ್ನಾಗಿಲ್ಲ.

ಈಗ, ನೀವು ತೋರಿಸದೆ ಬಿಟ್ಟಿದ್ದು ಏನು ಅಂತ ಹೇಳುತ್ತೇನೆ.

ರಾಜಧಾನಿ ಪೋರ್ಟ್ ಮೊರೆಸ್ಬಿಯಿಂದ ಬೆಟ್ಟದ ನಾಡಿಗೆ ರಸ್ತೆಯೇ ಇಲ್ಲ. ವಿಮಾನದಲ್ಲೇ ಹೋಗಬೇಕು. ಬೆಟ್ಟಕ್ಕೆ ಇರುವುದು ಲೇ ಬಂದರಿನಿಂದ ಹತ್ತಿಬರುವ ಒಂದು ಹೆದ್ದಾರಿ. ಮಳೆಗೆ ಗುಡ್ಡ ಕುಸಿದರೆ ಅದೂ ಇಲ್ಲ. ನಾನಿದ್ದ ಊರು ಆ ಹೆದ್ದಾರಿಯಿಂದ ಐದು ಗಂಟೆಯ ನಡಿಗೆ. ಅವರಿಗೆ ಐದು, ನನಗೆ ಏಳು. ಸಿಂಬುವಿನ ಇಳಿಜಾರು ಎಷ್ಟು ಕಡಿದು ಅಂದರೆ ತಮ್ಮದೇ ತೋಟದಿಂದ ಜಾರಿಬಿದ್ದು ಕೈ ಮುರಿದುಕೊಂಡವರನ್ನು ನೋಡಿದ್ದೇನೆ. ರಸ್ತೆ ಇಲ್ಲದ ಇನ್ನೂ ಒಳಗಿನ ಊರುಗಳಿಗೆ ಹುಲ್ಲಿನ ಏರ್‌ಸ್ಟ್ರಿಪ್‌ಗಳೇ ಗತಿ. ಹುಲ್ಲು ಕತ್ತರಿಸುವವರಿಲ್ಲದೆ ಅವೂ ಕೆಲವು ಕಡೆ ಮುಚ್ಚಿಹೋಗುತ್ತವೆ.

ಊಟಕ್ಕೆ ಬೆಳಿಗ್ಗೆ ಗೆಣಸು, ಮಧ್ಯಾಹ್ನ ಗೆಣಸು, ರಾತ್ರಿ ಗೆಣಸಿನ ಜೊತೆ ಸೊಪ್ಪು. ಗೆಣಸಿಗೆ ಅಲ್ಲಿ ಕೌಕೌ ಅನ್ನುತ್ತಾರೆ. ಹಂದಿ ಇರುವುದು ಮದುವೆಗೆ, ಸಾವಿಗೆ, ಜಗಳದ ಪರಿಹಾರಕ್ಕೆ. ದಿನಾ ತಿನ್ನಲಿಕ್ಕಲ್ಲ. ಆ ದೇಶದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ವಯಸ್ಸಿಗೆ ತಕ್ಕ ಎತ್ತರ ಬೆಳೆದಿರುವುದಿಲ್ಲ. ನನ್ನ ತರಗತಿಯಲ್ಲಿ ಹದಿನೈದರ ಹುಡುಗರು ನಮ್ಮ ಹನ್ನೊಂದರವರ ಹಾಗೆ ಕಾಣುತ್ತಿದ್ದರು. ಕೈಕಾಲು ಮಾತ್ರ ಗಟ್ಟಿ. ನಾನು ಅಲ್ಲಿಂದ ಹೊರಡುವ ಹಿಂದಿನ ವರ್ಷ, 2015ರಲ್ಲಿ, ಎಲ್ ನಿನೊ ಬರಗಾಲದ ಜೊತೆ ಮೇಲಿನ ಊರುಗಳಲ್ಲಿ ಇಬ್ಬನಿ ಹೆಪ್ಪುಗಟ್ಟಿ ಗೆಣಸಿನ ಬಳ್ಳಿ ಕರಕಲಾಯಿತು. ಶಾಲೆಗೆ ಮಕ್ಕಳು ಬರುವುದು ಕಡಿಮೆಯಾಯಿತು. ಕೇಳಿದರೆ, ಕೆಳಗಿನ ಕಣಿವೆಯ ನೆಂಟರ ಮನೆಗೆ ಊಟಕ್ಕೆ ಹೋಗಿದ್ದಾರೆ ಅಂದರು.

ಕೈಗೆ ಕಾಸು ತರುವುದು ಕಾಫಿ. ಕೊಪ್ಪದವನಾದ ನನಗೆ ಅಲ್ಲಿ ಮೊದಲ ದಿನವೇ ಮನೆ ನೆನಪು ಬಂದಿದ್ದು ಟಾರ್ಪಾಲಿನ ಮೇಲೆ ಒಣಗಲು ಹರಡಿದ್ದ ಸಿಪ್ಪೆ ಸುಲಿದ ಕಾಫಿ ಬೀಜ, ಅಂದರೆ ಪಾರ್ಚ್‌ಮೆಂಟ್ ನೋಡಿ. ಪ್ರತಿ ಮನೆಗೂ ನೂರಿನ್ನೂರು ಗಿಡ. ಹಣ್ಣಿನ ಸಿಪ್ಪೆ ಸುಲಿಯಲು ಕೈಯಲ್ಲಿ ತಿರುಗಿಸುವ ಪಲ್ಪರ್. ಮೂಟೆಯನ್ನು ಹೆಂಗಸರು ತಲೆಪಟ್ಟಿಯಲ್ಲಿ ತೂಗಿಕೊಂಡು ರಸ್ತೆತನಕ ಇಳಿಸುತ್ತಾರೆ. ಅಲ್ಲಿ ವ್ಯಾಪಾರಿ ತಕ್ಕಡಿ ಹಿಡಿದು ನಿಂತಿರುತ್ತಾನೆ. ಹೊತ್ತು ತಂದದ್ದನ್ನು ವಾಪಸ್ ಹೊತ್ತೊಯ್ಯಲಾರರು ಅಂತ ಅವನಿಗೂ ಗೊತ್ತು. ಬೆಲೆ ಅವನು ಹೇಳಿದ್ದೇ. ಅಡಿಕೆಯ ಕತೆ ಬೇರೆ: ಆ ಚಳಿಯಲ್ಲಿ ಅದು ಬೆಳೆಯುವುದಿಲ್ಲ, ಕರಾವಳಿಯಿಂದ ಬರಬೇಕು. ಆದರೂ ಎಲ್ಲರಿಗೂ ಬೇಕು. ಹಸಿ ಅಡಿಕೆ, ಸುಣ್ಣ, ಎಲೆಯ ಬದಲು ವೀಳ್ಯದ ಬಳ್ಳಿಯ ಕಾಯಿ. ನಮ್ಮಪ್ಪ ಅಡಿಕೆ ಬೆಳೆಗಾರರು ಅಂತ ಗೊತ್ತಾದ ದಿನದಿಂದ ಊರಿನಲ್ಲಿ ನನ್ನ ಮರ್ಯಾದೆಯೇ ಏರಿತು. ಗಣಿತ ಕಲಿಸಿದ್ದಕ್ಕೂ ಅಷ್ಟು ಏರಿರಲಿಲ್ಲ.

ಆ ಹೌಸ್ ಸಿಕ್ ಬಗ್ಗೆ ಹೇಳದೆ ಈ ಪತ್ರ ಮುಗಿಸಲಾರೆ.

2014ರ ಒಂದು ಸಂಜೆ. ನನ್ನ ಶಿಷ್ಯನೊಬ್ಬನ ತಾಯಿಗೆ ಮನೆಯಲ್ಲೇ ಹೆರಿಗೆ ಆಯಿತು. ಮಾಸು ಬೀಳಲಿಲ್ಲ, ರಕ್ತ ನಿಲ್ಲಲಿಲ್ಲ. ಆ ದೇಶದಲ್ಲಿ ಅರ್ಧಕ್ಕೆ ಹತ್ತಿರ ಹೆರಿಗೆಗಳು ತರಬೇತಿ ಪಡೆದವರ ಕೈ ಇಲ್ಲದೆಯೇ ಆಗುತ್ತವೆ. ಗಂಡಸರು ಎರಡು ಗಳ ಕಡಿದು, ಕಂಬಳಿ ಬಿಗಿದು, ಅದರಲ್ಲಿ ಅವಳನ್ನು ಮಲಗಿಸಿ ಹೊರಟರು. ನಾನು ಟಾರ್ಚು ಹಿಡಿದು ಹಿಂದೆ. ಮಳೆ ಬಿಟ್ಟು ಬಿಟ್ಟು ಬರುತ್ತಿತ್ತು. ಮುಂದೆ ಇದ್ದವನು ಪ್ರತಿ ದಿಣ್ಣೆಯ ತುದಿಗೆ ಬಂದಾಗ ಆ ಕಡೆಯ ಬೆಟ್ಟಕ್ಕೆ ಉದ್ದನೆಯ ಕೂಗು ಹಾಕುತ್ತಿದ್ದ. ಸ್ವಲ್ಪ ಹೊತ್ತಿಗೆ ಕತ್ತಲಲ್ಲಿ ಅಲ್ಲಿಂದ ಮರುಕೂಗು. ನಾವು ಆ ಊರು ತಲುಪುವ ಹೊತ್ತಿಗೆ ಹತ್ತು ಜನ ದಾರಿಯಲ್ಲಿ ನಿಂತು ಕಾಯುತ್ತಿದ್ದರು, ಹೆಗಲು ಬದಲಾಯಿಸಲು. ಒಂದು ಮಾತಿಲ್ಲ, ಲೆಕ್ಕಾಚಾರ ಇಲ್ಲ. ನಿಮ್ಮ ವೀಡಿಯೊ ಒಂದರಲ್ಲಿ ಅಂಥದೇ ಕೂಗು ಕೇಳಿಸುತ್ತದೆ. ಅದಕ್ಕೆ ನೀವು ಕೊಟ್ಟ ಹೆಸರು ‘ಯುದ್ಧದ ಕೂಗು’.

ನಡುದಾರಿಯಲ್ಲಿ ಒಂದು ಏಡ್ ಪೋಸ್ಟ್ ಇತ್ತು, ನಮ್ಮ ಉಪಕೇಂದ್ರದ ಹಾಗೆ. ಬೀಗ ಹಾಕಿತ್ತು. ಅಲ್ಲಿನ ಆರೋಗ್ಯ ಕಾರ್ಯಕರ್ತ ಸಂಬಳ ತರಲು ಪಟ್ಟಣಕ್ಕೆ ಹೋಗಿ ಮೂರು ವಾರ ಆಗಿತ್ತಂತೆ. ಅವನನ್ನು ಬೈಯಲು ಮನಸ್ಸು ಬರಲಿಲ್ಲ, ಯಾಕೆಂದರೆ ನಮ್ಮ ಶಾಲೆಯ ಮೇಷ್ಟ್ರುಗಳೂ ಅದೇ ಕೆಲಸಕ್ಕೆ ಹೋಗಿ ಅಷ್ಟೇ ದಿನ ಬರುತ್ತಿರಲಿಲ್ಲ. ಯಾರೋ ಕಿಟಕಿಯಿಂದ ಇಳಿದು ನೋಡಿದರು. ಒಳಗೆ ಒಂದು ಮಂಚ, ಕೈ ತೊಳೆಯಿರಿ ಎಂಬ ಪೋಸ್ಟರ್, ಖಾಲಿ ಕಪಾಟು. ಮುಂದೆ ನಡೆದೆವು. ಬೆಳಕು ಹರಿಯುವಾಗ ರಸ್ತೆ ಸಿಕ್ಕಿತು. ಕಾಫಿ ಮೂಟೆ ತುಂಬಿಕೊಂಡು ಬಂದ ಮೊದಲ ಗಾಡಿಯವನು, ಯಾರೂ ಕೇಳುವ ಮೊದಲೇ, ಮೂಟೆಗಳನ್ನು ರಸ್ತೆ ಬದಿಗೆ ಉರುಳಿಸಿ ಜಾಗ ಮಾಡಿದ.

ಅವಳು ಬದುಕಿದಳು. ಅದೇ ವರ್ಷ ಅದೇ ದಾರಿಯಲ್ಲಿ ಹೊತ್ತೊಯ್ದ ಇನ್ನಿಬ್ಬರು ರಸ್ತೆ ತಲುಪಲಿಲ್ಲ.

ಇದನ್ನು ನೋಡಿ ನನಗೆ ಆಶ್ಚರ್ಯವೇನೂ ಆಗಲಿಲ್ಲ. ನಮ್ಮ ಮಲೆನಾಡಿನಲ್ಲೂ, ಮಲೆ ಮಹದೇಶ್ವರ ಬೆಟ್ಟದ ಕಾಡಿನ ಹಳ್ಳಿಗಳಲ್ಲೂ ಹೀಗೇ ಜೋಲಿ ಕಟ್ಟಿ, ಡೋಲಿ ಕಟ್ಟಿ ರೋಗಿಗಳನ್ನು ಹೊತ್ತು ತರುವ ಸುದ್ದಿ ಇವತ್ತಿಗೂ ಬರುತ್ತದೆ. ಆಗ ನಾವು ರಸ್ತೆ ಎಲ್ಲಿ ಅಂತ ಕೇಳುತ್ತೇವೆ. ಶಾಸಕರು ಎಲ್ಲಿ ಅಂತ ಕೇಳುತ್ತೇವೆ. ಸಿಂಬುವಿನ ಹೆಂಗಸಿನ ವಿಷಯಕ್ಕೆ ಬಂದಾಗ ಮಾತ್ರ ಡೋಲಿನ ಸದ್ದು ಸೇರಿಸುತ್ತೇವೆ.

ಅಲ್ಲಿನ ಸರ್ಕಾರಕ್ಕೆ ತನ್ನ ಜನ ಎಷ್ಟು ಅಂತಲೇ ಸರಿಯಾಗಿ ಗೊತ್ತಿರಲಿಲ್ಲ. 2011ರ ಜನಗಣತಿ ಆದ ಮೇಲೆ ಮುಂದಿನದು ನಡೆದಿದ್ದು 2024ರಲ್ಲಿ. ಆ ವರ್ಷವೇ ಮೇ 24ರ ನಸುಕಿನಲ್ಲಿ ಎಂಗಾ ಪ್ರಾಂತ್ಯದ ಯಂಬಾಲಿ ಎಂಬ ಹಳ್ಳಿಯ ಮೇಲೆ ಬೆಟ್ಟ ಕುಸಿಯಿತು. ಸತ್ತವರು ಸುಮಾರು 670 ಅಂತ ವಿಶ್ವಸಂಸ್ಥೆಯ ಒಂದು ಅಂಗ ಅಂದಾಜು ಮಾಡಿತು. 2,000ಕ್ಕೂ ಹೆಚ್ಚು ಜನ ಮಣ್ಣಿನಡಿ ಇದ್ದಾರೆ ಅಂತ ಸರ್ಕಾರ ಹೇಳಿತು. ಎರಡು ಲೆಕ್ಕದ ನಡುವೆ ಸಾವಿರಕ್ಕೂ ಹೆಚ್ಚು ಜೀವ. ಇದಕ್ಕಿಂತ ದೊಡ್ಡ ಸುದ್ದಿ ನಿಮಗೆ ಇನ್ನೇನು ಬೇಕು? ವಿದ್ಯುತ್ತಿನದೂ ಇದೇ ಪಾಡು: 2018ರಲ್ಲಿ ನೂರರಲ್ಲಿ ಹದಿಮೂರು ಜನಕ್ಕೆ ಮಾತ್ರ ಇತ್ತು, 2030ಕ್ಕೆ ಎಪ್ಪತ್ತು ಮಾಡುತ್ತೇವೆ ಅಂತ ನಾಲ್ಕು ಶ್ರೀಮಂತ ದೇಶಗಳು ಸೇರಿ ಮಾತು ಕೊಟ್ಟವು. ನಾನಿದ್ದ ಊರಿನಲ್ಲಿ ಅಂಗೈಯಗಲದ ಸೋಲಾರ್ ದೀಪವೇ ವಿದ್ಯುತ್ತು.

ಹಾಗಂತ ಅಲ್ಲಿ ಎಲ್ಲರೂ ದೇವರಂಥವರು ಅಂತ ನಾನು ಹೇಳುತ್ತಿಲ್ಲ. ಹಾಗೆ ತೋರಿಸುವುದೂ ಇನ್ನೊಂದು ಸುಳ್ಳು. ಕುಲಕುಲಗಳ ನಡುವೆ ಜಗಳ ಆಗುತ್ತದೆ. ಬಿಲ್ಲುಬಾಣದ ಜಾಗಕ್ಕೆ ಬಂದೂಕು ಬಂದ ಮೇಲೆ ಸಾಯುವವರು ಜಾಸ್ತಿಯಾಗಿದ್ದಾರೆ. ಹೆಂಡತಿಯನ್ನು ಹೊಡೆಯುವುದು ಮಾಮೂಲು ಎನ್ನುವ ಮನೆಗಳನ್ನು ಕಂಡಿದ್ದೇನೆ. ಯಾರಾದರೂ ಇದ್ದಕ್ಕಿದ್ದಂತೆ ಸತ್ತರೆ ಮಾಟ ಮಾಡಿದಳು ಅಂತ ಯಾವುದೋ ಬಡ ಹೆಂಗಸಿನ ಮೇಲೆ ಬೀಳುತ್ತಾರೆ. 2013ರಲ್ಲಿ ಮೌಂಟ್ ಹಾಗೆನ್‌ನಲ್ಲಿ ಒಬ್ಬ ತರುಣಿಯನ್ನು ಜನರೆದುರೇ ಸುಟ್ಟರು. ಆಮೇಲೆ, ಮಾಟವನ್ನೇ ಅಪರಾಧ ಅಂತ ಒಪ್ಪಿದ್ದ ಹಳೆಯ ಕಾನೂನನ್ನು ರದ್ದು ಮಾಡಿದರು, ಕೃತ್ಯ ಮಾತ್ರ ನಿಂತಿಲ್ಲ. ಈಗ ಯೋಚಿಸಿ: ಅಂಥ ಕಡೆ, ಔಷಧಿ ಇಲ್ಲ ಅಂದ ಹೆಂಗಸಿನ ಮುಖದ ಮೇಲೆ ‘ಮಂತ್ರ ಹಾಕ್ತಿದಾರೆ’ ಅಂತ ಬರೆದು ಲಕ್ಷಾಂತರ ಜನಕ್ಕೆ ಹಂಚಿದ್ದೀರಿ. ಅದು ಕನ್ನಡದಲ್ಲಿದೆ, ಅವರಿಗೆ ತಿಳಿಯದು ಅಂತ ಸಮಾಧಾನ ಮಾಡಿಕೊಳ್ಳಬೇಡಿ. ಫೋನೇ ಭಾಷಾಂತರ ಮಾಡಿಕೊಡುವ ಕಾಲ ಇದು.

ನನ್ನ ಕೋರಿಕೆಗಳು ದೊಡ್ಡವೇನಲ್ಲ. ಹೋಗಬೇಡಿ ಅನ್ನುತ್ತಿಲ್ಲ, ಹೋಗಿ. ಆದರೆ ಕ್ಯಾಮೆರಾ ತೆಗೆಯುವ ಮುಂಚೆ ಕೇಳಿ, ಆಸ್ಪತ್ರೆಯಲ್ಲಿ ಮಲಗಿರುವವರ ಮುಂದೆ, ಸಾವಿನ ಮನೆಯಲ್ಲಿ ತೆಗೆಯಲೇಬೇಡಿ. ವೇಷ ಹಾಕಿಸಿದ್ದರೆ ಹಾಕಿಸಿದ್ದು ಅಂತ ಹೇಳಿ, ಎಷ್ಟು ಕೊಟ್ಟಿರಿ ಅಂತಲೂ ಹೇಳಿ. ಟೋಕ್ ಪಿಸಿನ್ ಕಲಿಯುವುದು ಕಷ್ಟವಲ್ಲ, ನಾಲ್ಕು ತಿಂಗಳಲ್ಲಿ ನನ್ನಂಥವನೇ ಕಲಿತೆ. ಅದಕ್ಕೂ ಪುರುಸೊತ್ತಿಲ್ಲದಿದ್ದರೆ ಗೈಡ್ ಹತ್ತಿರ ಕೇಳಿ ಬರೆದುಕೊಳ್ಳಿ. ಒಂದು ವೀಡಿಯೊದಲ್ಲಿ ಒಮ್ಮೆಯಾದರೂ ಆ ಊರಿನ ಶಾಲೆಗೆ ಹೋಗಿ, ಏಡ್ ಪೋಸ್ಟಿನ ಕಪಾಟು ತೆಗೆಸಿ ನೋಡಿ. ಮೈನವಿರೇಳಿಸುವ ದೃಶ್ಯವೇ ಬೇಕಿದ್ದರೆ ಆ ಇಳಿಜಾರಿನಲ್ಲಿ ಮೂವತ್ತು ಕೇಜಿ ಕಾಫಿ ಹೊತ್ತು ಇಳಿಯುವ ಅಜ್ಜಿಯ ಹಿಂದೆ ಒಂದು ಗಂಟೆ ನಡೆಯಿರಿ, ಉಸಿರು ಉಳಿದಿದ್ದರೆ ವಿವರಣೆ ಕೊಡಿ.

ಇನ್ನು ಆ ಹನ್ನೊಂದನೇ ನಿಮಿಷದ ವಿಷಯ. ವೀಡಿಯೊ ತೆಗೆದುಹಾಕಿ ಅಂತ ನಾನು ಕೇಳುವುದಿಲ್ಲ. ಅವಳು ಹೇಳಬೇಕು ಅಂತಲೇ ಹತ್ತಿರ ಬಂದಿದ್ದಳು, ಹೇಳಿದ್ದಾಳೆ, ಅದು ಇರಲಿ. ಡೋಲಿನ ಸದ್ದು ತೆಗೆದು ಅವಳ ದನಿ ಕೇಳಿಸುವಂತೆ ಮಾಡಿ. ಕೆಳಗಿನ ಅಕ್ಷರ ಬದಲಿಸಿ. ನಿಮ್ಮ ಹತ್ತಿರ ಇನ್ನೂ ಇಂಥ ತುಣುಕುಗಳಿದ್ದರೆ ಕಳಿಸಿಕೊಡಿ, ಕೂತು ಅರ್ಥ ಬರೆದುಕೊಡುತ್ತೇನೆ. ದುಡ್ಡು ಬೇಡ. ಮೊದಲನೆಯದನ್ನು ಇಲ್ಲೇ ಬರೆದಿದ್ದೇನೆ, ಹಾಗೇ ತೆಗೆದು ಅಂಟಿಸಿಕೊಳ್ಳಬಹುದು:

"ಆಸ್ಪತ್ರೆ ಮುಚ್ಚಿದೆ. ಔಷಧಿ ಇಲ್ಲ."

ಇಂತಿ,
ನಿಮ್ಮ ವೀಕ್ಷಕ,
ಸಿಂಬುವಿನಲ್ಲಿ ನಾಲ್ಕು ವರ್ಷ ಇದ್ದ ಒಬ್ಬ ಗಣಿತದ ಮೇಷ್ಟ್ರು